ಮುಟ್ಟಿದ್ದಕ್ಕೆ ಕಾಗದ

ಓಲಂಡ್ ದ್ವೀಪಗಳ ಪಡುಕೊನೆ. ಹಳೆಯ ಅಂಚೆಮನೆಯ ಪಕ್ಕ
ಬಾಡಿಗೆಗೆ ಹಿಡಿದ ಕೋಣೆ. ಫೆಬ್ರವರಿ.
ಸಮುದ್ರ ಅರ್ಧ ನೀರು, ಅರ್ಧ ಮಂಜುಗಡ್ಡೆ,
ಯಾವುದೂ ಪೂರ್ತಿ ತೀರ್ಮಾನವಾಗಿಲ್ಲ.
ನಮ್ಮದೂ ಅಷ್ಟೆ.

ರೆಯೊ ತುರ್ಕುವಿನಿಂದ ರೈ ರೊಟ್ಟಿ ತಂದಿದ್ದಾನೆ,
ಜತೆಗೆ ಹನ್ನೊಂದು ತಕರಾರು.

ಮೊದಲ ನಾಲ್ಕು ಮಧ್ಯಾಹ್ನದೊಳಗೆ ಬಗೆಹರಿದವು.
ಪ್ರತಿ ಪ್ರೊಸೆಸ್ಸಿಗೂ ಹುಟ್ಟುವಾಗಲೇ ಒಂದು ಪೆಟ್ಟಿಗೆ.
ಇನ್ನೊಬ್ಬರ ಪೆಟ್ಟಿಗೆಗೆ ಹಾಕಬಹುದು, ಕೈ ಹಾಕಿ ತಡಕುವಂತಿಲ್ಲ.
ಹಾಕಿದ್ದು ನಕಲು; ಆಮೇಲೆ ನಾನು
ನನ್ನ ಪ್ರತಿಯಲ್ಲಿ ಏನು ಗೀಚಿದರೂ
ನಿನ್ನ ಕೈಲಿರುವುದು ಕದಲುವುದಿಲ್ಲ.
ಒಬ್ಬನೇ ಒಬ್ಬನಿಗೇ ಬರೆದ ಎರಡು ಕಾಗದ
ಬರೆದ ಸಾಲಿನಲ್ಲೇ ಬರಬೇಕು.
ಇಬ್ಬರು ಬರೆದದ್ದು? ಅದು ಗಾಳಿಗೆ ಬಿಟ್ಟದ್ದು.

ಐದನೆಯದರಲ್ಲಿ ಸಿಕ್ಕಿಬಿದ್ದೆವು.

"ಆ ಕಡೆಯವನು ಸತ್ತಿದ್ದರೆ?" ಅಂದ ರೆಯೊ.
"ಕಳಿಸುವಾಗಲೇ ದೋಷ ಅಂತ ಹೇಳಿಬಿಡೋಣ."
ಹೇಳುವವರು ಯಾರು? ಅಂದೆ.
ಒಂದೇ ಯಂತ್ರದೊಳಗಾದರೆ ಸರಿ.
ನಡುವೆ ತಂತಿಯಿದ್ದರೆ, ನಡುವೆ ಕಡಲಿದ್ದರೆ,
ಸತ್ತದ್ದಕ್ಕೂ ತಡವಾದದ್ದಕ್ಕೂ
ಈ ದಡದಿಂದ ಒಂದೇ ಮುಖ.

ನಾಲ್ಕೂವರೆಗೇ ಕತ್ತಲು. ಅಂಚೆಮನೆ ನೋಡಿಕೊಳ್ಳುವ ಹಿಲ್ಲೆವಿ
ನಮಗಾಗಿ ದೀಪ ಹಾಕಿ ದಪ್ಪ ಪುಸ್ತಕವೊಂದನ್ನು ತೆರೆದಳು.
ಒಂದು ಕಾಲಕ್ಕೆ ಇಲ್ಲಿನ ರೈತರು ಸರದಿಯ ಮೇಲೆ
ಅಂಚೆಚೀಲ ಹೇರಿಕೊಂಡು ಹುಟ್ಟು ಹಾಕಬೇಕಿತ್ತು,
ದೋಣಿಯನ್ನು ಮಂಜಿನ ಮೇಲೆ ಎಳೆದು, ನೀರಿಗಿಳಿಸಿ, ಮತ್ತೆ ಎಳೆದು.
ಸಾಲಿಗೆ ಎರಡು ಅಂಕಣ: ಹೊರಟದ್ದು, ಮುಟ್ಟಿದ್ದು.
ಒಂದು ಕಡೆ ಎರಡನೆಯ ಅಂಕಣದಲ್ಲಿ
ಶಾಯಿಯ ಚುಕ್ಕೆ ಮಾತ್ರ:
ಲೇಖನಿ ಊರಿ, ಬರೆಯದೆ, ಎತ್ತಿದ ಗುರುತು.
"ಐದು ಜನ ಆ ದೋಣಿಯಲ್ಲಿ," ಅಂದಳು ಹಿಲ್ಲೆವಿ,
ಮೂಗೊರೆಸಿಕೊಂಡಳು. ನೆಗಡಿ ಅವಳಿಗೆ.

ಎಷ್ಟು ದಿನ ಕಾದರಂತೆ? ಅಂದ ರೆಯೊ.
ಅಂಚೆಯವರಾದರೆ ಮುಂದಿನ ಸರದಿಯ ತನಕ.
ಮನೆಯವರ ಲೆಕ್ಕ ಪುಸ್ತಕದಲ್ಲಿಲ್ಲ.

ರಾತ್ರಿ ಅವನು ಗಡುವಿನ ಜಾಗದಲ್ಲಿ ಅನಂತ ಎಂದು ಬರೆದ.
ನಾನು ಅಳಿಸಿ ಐದು ಸೆಕೆಂಡು ಮಾಡಿದೆ.
ಅವನು ಅಳಿಸಿದ.
ಅನಂತ ಕಾಯುವ ಪ್ರೊಸೆಸ್ಸು ಸಾಯುವುದಿಲ್ಲ;
ಒಂದು ತುಣುಕು ಮೆಮೊರಿ ಮಡಿಲಲ್ಲಿಟ್ಟುಕೊಂಡು
ಬಾಗಿಲ ಕಡೆ ಮುಖ ಮಾಡಿ ಕೂತೇ ಇರುತ್ತದೆ.
ಐದು ಸೆಕೆಂಡು ಕಾಯುವುದೋ,
ಐದು ದಿನದ ದಾರಿಯಲ್ಲಿರುವವನನ್ನು
ಹೊಸ್ತಿಲು ದಾಟುವ ಮೊದಲೇ ಸತ್ತನೆಂದು ಬರೆದುಬಿಡುತ್ತದೆ.
ಆಮೇಲೆ ಅವನು ಬರುತ್ತಾನೆ, ಮೈಯೆಲ್ಲ ಉಪ್ಪು,
ಕಾಗದ ತಂದಿದ್ದೀನಿ ಅನ್ನುತ್ತಾನೆ,
ಕೇಳಿದವರೇ ಮರೆತ ಉತ್ತರ ಪೆಟ್ಟಿಗೆಯ ತಳ ಸೇರುತ್ತದೆ.
(ಅದು ಎಂಟನೆಯ ತಕರಾರು. ನಾಳೆಗೆ.)

ಎರಡು ಗಂಟೆಗೆ ಆ ಸಂಖ್ಯೆಯನ್ನೇ ಕಿತ್ತುಹಾಕಿದೆವು.
ಈಗ ಕೇಳು ಎಂಬ ಫಂಕ್ಷನ್ನಿಗೆ ಮೂರು ಜಾಗ:
ಯಾರನ್ನು, ಏನನ್ನು, ಎಷ್ಟು ಹೊತ್ತು.
ಮೂರನೆಯದನ್ನು ಲೈಬ್ರರಿ ತುಂಬುವುದಿಲ್ಲ.
ಖಾಲಿ ಬಿಟ್ಟರೆ ಕಂಪೈಲರ್ ಮುಂದೆ ಬಿಡುವುದಿಲ್ಲ.
ಕಾಯುವವರು ಕೈಯಾರೆ ಬರೆಯಲಿ;
ಅನಂತ ಅಂತಲೂ ಬರೆಯಲಿ, ಅಡ್ಡಿಯಿಲ್ಲ,
ಅಕ್ಷರ ಅಕ್ಷರವಾಗಿ, ಬೆರಳಿಗೆ ಗೊತ್ತಾಗುವ ಹಾಗೆ.

ಬೈತಾರೆ, ಅಂದ ರೆಯೊ.
ಬೈಯಲಿ.

ಮೂರು ದಿನ ಕಳೆದು ಹೊರಟ. ಎರಡು ತಕರಾರು
ಮೇಜಿನ ಮೇಲೆ, ರೊಟ್ಟಿಯ ಚೂರಿನ ಜತೆ ಉಳಿದವು.
ಮುಟ್ಟಿದ್ದಕ್ಕೆ ಒಂದು ಸಾಲು ಹಾಕು, ಅಂದೆ.
ಎಷ್ಟು ಹೊತ್ತು ಕಾಯ್ತೀಯ? ಅಂದ, ನಗದೆ.
ರಾತ್ರಿ ಎಂಟು, ಅಂದುಬಿಟ್ಟೆ.

ಬಸ್ಸು ತಿರುವಿನಲ್ಲಿ ಮರೆಯಾದ ಮೇಲೆ
ಹಡಗಿನ ವೇಳಾಪಟ್ಟಿ ತೆಗೆದು ನೋಡಿದೆ:
ತುರ್ಕು ದಕ್ಕೆ, ಎಂಟೂ ಹತ್ತು.