ಇಪ್ಪತ್ತೇಳೂವರೆಗೆ ಕೂದಲೆಳೆ ಕಮ್ಮಿ

ತ್ಬಿಲಿಸಿಯ ಒಣಸೇತುವೆಯ ಕೆಳಗೆ ನೀರಿಲ್ಲ,
ಮೇಲೆ ಸಂತೆ.
ಕಂಬಳಿ ಹಾಸಿ ಪದಕ, ಚಮಚ, ಯಾರದೋ ಹಲ್ಲಿನ ಸೆಟ್ಟು,
ಮತ್ತೆ ಲೆನ್ಸುಗಳು. ಮಾಡಿದ ದೇಶ ಹೋಯಿತು,
ಗಾಜು ಹೋಗಲಿಲ್ಲ.

ಸಂತೆಯ ಹಿಂದಿನ ಓಣಿಯಲ್ಲಿ ನನ್ನ ಲೇತು.
ಮೊದಲು ಟ್ರಾಮ್ ಡಿಪೋದಲ್ಲಿ ಅಚ್ಚು ಕಡೆಯುತ್ತಿದ್ದೆ,
ಟ್ರಾಮು ನಿಂತಿತು, ಹಳಿ ಕಿತ್ತರು,
ಈಗ ಬಳೆ ಕಡೆಯುತ್ತೇನೆ:
ಒಂದು ಬದಿಗೆ ಹಳೆಯ ಸೋವಿಯತ್ ತಿರುಪು,
ಇನ್ನೊಂದು ಬದಿಗೆ ಜಪಾನಿನ ಕೊಂಡಿ.
ನಡುವೆ ಏನಿದೆ ಅಂತ ಕೇಳುತ್ತಾರೆ ಗಿರಾಕಿಗಳು.
ಏನೂ ಇಲ್ಲ. ಗಾಜಿಲ್ಲ, ತಂತಿಯಿಲ್ಲ.
ಏನೂ ಇಲ್ಲದ್ದಕ್ಕೆ ಇಷ್ಟು ದುಡ್ಡೇ?
ಹೌದು ಮಾರಾಯ, ಅಳೆದು ಕೊಟ್ಟ ಖಾಲಿ ಅದು,
ಇಪ್ಪತ್ತೇಳೂವರೆ ಮಿಲಿಮೀಟರಿಗೆ ಕೂದಲೆಳೆ ಕಮ್ಮಿ.

ಲಾಮಾರಾ ಬಂದದ್ದು ಫೆಬ್ರವರಿಯಲ್ಲಿ.
ಮೂವತ್ತು ವರ್ಷ ರುಸ್ತಾವಿಯ ಶಾಲೆಗಳಲ್ಲಿ
ತರಗತಿ ಫೋಟೋ ತೆಗೆದವಳು.
ಉಣ್ಣೆಯ ಕಾಲುಚೀಲದೊಳಗೆ ಲೆನ್ಸು,
ಅಂಚಿಗೊಂದು ಗೀರು, ಒಳಗೆ ತೊಂಬತ್ತೆರಡರ ಧೂಳು.
ಕೈಚೀಲದೊಳಗೆ, ಮೊಮ್ಮಗ ಮಾರಲಾಗದೆ ಬಿಟ್ಟ ಕ್ಯಾಮೆರಾ.
"ಇವೆರಡಕ್ಕೂ ಬೀಗತನ ಬೆಳೆಸು, ಗುರಾಮ್."
ಎತ್ತು ಏರಿಗೆ, ಕೋಣ ನೀರಿಗೆ, ಅಂದೆ.
ಇದನ್ನು ಕೈಯಲ್ಲೇ ತಿರುಗಿಸಬೇಕು,
ಅದಕ್ಕೆ ಎಲ್ಲ ತಾನೇ ಆಗಬೇಕು.
"ನಾನೂ ನನ್ನ ಗಂಡನೂ ಹಾಗೇ ಇದ್ದೆವು" ಅಂದವಳೇ
ಸ್ಟೂಲು ಎಳೆದು ಕೂತಳು.

ಬಳೆ ಕೂಡಿಸಿದೆ. ಕ್ಯಾಮೆರಾ ಹೇಳಿತು: ಲೆನ್ಸ್ ಇಲ್ಲ.
ಕಾಲು ಕಿಲೋ ತೂಗುತ್ತ ಮೂಗಿನ ಮೇಲೇ ಕೂತಿದೆ,
ಆದರೂ: ಲೆನ್ಸ್ ಇಲ್ಲ.
ಮೆನುವಿನ ಏಳನೆಯ ಪುಟದಲ್ಲಿ ಒಂದು ಅಪ್ಪಣೆಯಿದೆ,
ಇಲ್ಲದಿದ್ದರೂ ಕ್ಲಿಕ್ಕಿಸು.
ಅದನ್ನೊತ್ತಿದೆ. ಲಾಮಾರಾ ಆಗ ನಕ್ಕಳು.
"ಪಿಂಚಣಿ ಕಚೇರಿಯಲ್ಲಿ ನಾನೂ ಹೀಗೇ,
ಕಿಟಕಿಯ ಮುಂದೆ ನಿಂತಿರುತ್ತೇನೆ, ಕಾಗದದಲ್ಲಿ ಇರುವುದಿಲ್ಲ."

ನನ್ನ ಮೂಗು ಚೆನ್ನಾಗಿ ಬಂತು.
ಎದುರು ಮಹಡಿಯ ಒಣಬಟ್ಟೆ, ಅದರ ಕ್ಲಿಪ್ಪೂ ಬಂತು.
ಮ್ತಾತ್ಸ್‌ಮಿಂದಾ ಗುಡ್ಡದ ಗೋಪುರ ಮಾತ್ರ
ಹಿಂಜಿದ ಅರಳೆ.
ಲೆನ್ಸಿನ ಕತ್ತು ಅನಂತದ ಗುರುತು ಮುಟ್ಟಿ ನಿಂತಿದೆ,
ಅನಂತ ಮುಟ್ಟಿಲ್ಲ.

ಮಿಲಿಮೀಟರಿನ ಹತ್ತನೇ ಒಂದು ಪಾಲು ದಪ್ಪ. ನನ್ನದೇ ತಪ್ಪು.
ಅಷ್ಟು ದೂರ ಯಾರು ನೋಡುತ್ತಾರೆ ಅಂದೆ,
ಮುಖ ತೆಗೆಯುವವಳಿಗೆ ಇಷ್ಟು ಸಾಲದೇ?
"ಮೂವತ್ತು ವರ್ಷ ನಾಲ್ಕು ಮೀಟರಿನೊಳಗೇ ಬದುಕಿದ್ದೇನೆ.
ಮೂರು ಸಾಲು ಮಕ್ಕಳು, ಹಿಂದೆ ಗೋಡೆ.
ಗೋಡೆ ತೆಗೆ."

ಜಾಸ್ತಿ ಕಡೆದರೆ ಇನ್ನೊಂದು ಪೀಕಲಾಟ:
ಲೆನ್ಸು ಅನಂತವನ್ನೂ ದಾಟಿ ಹೋಗಿಬಿಡುತ್ತದೆ,
ಅಲ್ಲಿ ನೋಡಲು ಏನೂ ಇಲ್ಲ,
ದಾರಿ ತಪ್ಪಿದ ಕುರಿಯ ಹಾಗೆ ಹಿಂದಕ್ಕೆ ತಿರುಗಿಸಿ ತರಬೇಕು.
ಉಸಿರು ಬಿಗಿಹಿಡಿದು ಒಂದು ಸವರು. ಒರೆಸಿದೆ, ಅಳೆದೆ.
ಇನ್ನರ್ಧ ಸವರು.

ಸಂಜೆಯಾಗಿತ್ತು. ಅವಳು ಬಾಗಿಲಲ್ಲಿ ನಿಂತು
ತಿರುಗಿಸಿದಳು, ತಿರುಗಿಸಿದಳು, ನಿಲ್ಲಿಸಿದಳು.
ಕ್ಲಿಕ್ಕಿಸಲಿಲ್ಲ.
ಬಂತೇ, ಅಂದೆ.
"ಗೋಪುರದ ಕೆಂಪು ದೀಪ ಹತ್ತಿದವು. ಎಣಿಸುತ್ತಿದ್ದೇನೆ, ಸುಮ್ಮನಿರು."

ಚಳಿಗೆ ಬಾಗಿಲು ತೆರೆದೇ ಇತ್ತು.
ನೆಲದ ಮೇಲೆ ಅಲ್ಯೂಮಿನಿಯಂ ಪುಡಿ,
ಅವಳ ಬೂಟಿಗೂ ಒಂದಿಷ್ಟು ಹತ್ತಿ ಮಿನುಗುತ್ತಿತ್ತು.
ದುಡ್ಡು ಕೊಡುವಾಗ ಕೇಳಿದಳು,
ತೆಗೆದುಹಾಕಿದೆಯಲ್ಲ, ಆ ಹತ್ತನೇ ಒಂದು ಪಾಲು,
ಅದರದ್ದು ಮುರಿದುಕೊಳ್ಳಲೇ?

ಮುರಿದುಕೊಂಡೇ ಕೊಟ್ಟಳು.