ತೇಲುಕಾಯಿ

ಆರು ಕಡೆ ಪಿಎಚ್‌ಡಿಗೆ ಬೇಡವೆಂದರು.
ಆರನೆಯವರು ಮಾತ್ರ ಕೊನೆಗೊಂದು ಸಾಲು ಸೇರಿಸಿದ್ದರು:
ಎಂಎಸ್ಸಿಗಾದರೆ ಬನ್ನಿ, ಎರಡು ವರ್ಷ,
ಮೂವತ್ತೆಂಟು ಲಕ್ಷ.

ಸುಂಟಿಕೊಪ್ಪದ ಗೋದಾಮಿನಲ್ಲಿ ನನ್ನ ಕೆಲಸ
ಚೀಲಕ್ಕೊಂದು ಹಿಡಿ ತೆಗೆದು ಬೀಜ ಆರಿಸುವುದು:
ಕಪ್ಪು, ಒಡಕು, ಹುಳ ಕೊರೆದದ್ದು.
ಯಾವುದನ್ನೂ ಎಸೆಯುವುದಿಲ್ಲ.
ನೀರಲ್ಲಿ ತೇಲಿದ ಜೊಳ್ಳಿಗೂ
ಪಿರಿಯಾಪಟ್ಟಣದಿಂದ ಒಬ್ಬ ವ್ಯಾನು ತರುತ್ತಾನೆ,
ಎಣಿಸಿ ದುಡ್ಡು ಕೊಟ್ಟು ಒಯ್ಯುತ್ತಾನೆ.
ನನ್ನನ್ನು ಒಯ್ಯುವವರಿಗೆ
ನಾನೇ ಕೊಡಬೇಕು.

ದೇಚಕ್ಕ ಮೊರ ಕೊಡವುತ್ತ ಕೇಳಿದಳು:
“ನಿನ್ನ ತಲೆ ಬೇಕಂತಾ, ದುಡ್ಡು ಬೇಕಂತಾ?”
ಎರಡೂ ಇರಬಹುದು.
ಕಾಂಡಕೊರಕದ ಹಿಂದೆ ಅಲೆದ ನಾಲ್ಕು ವರ್ಷದ ಟಿಪ್ಪಣಿ
ಅವರು ತೆರೆದರೋ ಇಲ್ಲವೋ.
ಕೇಳೋಣವೆಂದರೆ ಆ ಮೇಲಿಗೆ ಉತ್ತರ ಹಾಕುವಂತಿಲ್ಲ.

ಬ್ಯಾಂಕಿನವರು ಪಹಣಿ ನೋಡಿ ನಕ್ಕರು.
ಜಮ್ಮಾ ಬಾಣೆ, ಹದಿನೇಳು ಹೆಸರು.
ಹದಿನಾರು ಸಹಿ ತರಬೇಕು,
ಅದರಲ್ಲಿ ಇಬ್ಬರು ತೀರಿಹೋಗಿ ವರ್ಷಗಳಾದವು,
ದೊಡ್ಡಪ್ಪ ಬೇಲಿ ಜಗಳವಾದಾಗಿನಿಂದ ಮಾತೇ ಆಡುವುದಿಲ್ಲ.

ಶುಕ್ರವಾರ ಕೊನೆ.
ರಾತ್ರಿ ಫಾರಂ ತೆರೆದೆ. ‘ಹಣ ಕೊಡುವವರು’ ಎಂಬಲ್ಲಿ
ನನ್ನ ಹೆಸರು ಬರೆದೆ, ಅಳಿಸಿದೆ,
ಮತ್ತೆ ಬರೆದು ಹಾಗೇ ಬಿಟ್ಟು
ದೊಡ್ಡಪ್ಪನ ನಂಬರು ಹುಡುಕಿದೆ.
ರಿಂಗಾಗುತ್ತಿದೆ.
ಎತ್ತಿದರೆ ಮೊದಲು
ಬೇಲಿಯ ವಿಷಯ ಮಾತಾಡಬೇಕು.