ಬಲಗಡೆ

ಪೊಟ್ಟಣದಲ್ಲಿ ಎರಡೂ ಎಡಗಡೆಯವೇ ಇದ್ದವು.

ನೆಲ ಒಂದು, ಮಾಡು ಒಂದು, ತುದಿಗಳೆರಡು,
ಎಲ್ಲವೂ ಹಳೇ ಹಲ್ಲಿನ ಬಣ್ಣದ ರೆಸಿನ್.
ನಲವತ್ತೊಂದು ವರ್ಷ ಪೋರ್ಥ್‌ಮಡೋಗಿನಲ್ಲಿ
ಊರಿನವರಿಗೆ ಹಲ್ಲಿನ ಸೆಟ್ಟು ಕಟ್ಟಿದವಳು ನಾನು, ಗ್ವೆನ್ಲಿಯನ್.
ಎಡದ ದವಡೆ ಬಲಕ್ಕೆ ಕೂರದೆಂದು
ನನಗೆ ಯಾರೂ ಹೇಳಿಕೊಡಬೇಕಿಲ್ಲ.
ಆದರೂ ತಿರುಗಿಸಿ ಹಿಡಿದು ನೋಡಿದೆ:
ಹಿಂದಿರಬೇಕಾದ ಬ್ರೇಕಿನ ಕಿಂಡಿ ಮುಂದಕ್ಕೆ ಬಂತು.
ಊಹೂಂ.

ಮಿಕ್ಕದ್ದನ್ನು ಪಾತ್ರೆ ತೊಳೆಯುವ ಸೋಪಿನಲ್ಲಿ ತೊಳೆದೆ,
ಅಚ್ಚಿನ ಜಿಡ್ಡು ಹೋಗದೆ ಬಣ್ಣ ಹಿಡಿಯದು.
ಸೊಟ್ಟಗಾಗಿದ್ದ ನೆಲವನ್ನು ಬಿಸಿನೀರಿನಲ್ಲಿ ಅದ್ದಿ
ಗಾಜಿನ ಮೇಲಿಟ್ಟು, ಮೇಲೊಂದು ಬೈಬಲ್ ಹೇರಿದೆ.
ಗುಳ್ಳೆ ಒಡೆದ ತೂತುಗಳಿಗೆ ಮೆತ್ತಿದೆ.
ನೀರು ಹಚ್ಚಿಯೇ ಉಜ್ಜಬೇಕು; ಆ ಪುಡಿ
ಎದೆಗೆ ಹೋದರೆ ಸ್ಲೇಟಿನ ಪುಡಿಯ ತಮ್ಮನೇ.
ನಮ್ಮಪ್ಪ ಕೆಮ್ಮುತ್ತಿದ್ದ ಸದ್ದು ನನಗೆ ಗೊತ್ತು.
ಯಾವ ಯಾವ ದೇಶದ ಮಕ್ಕಳೋ ಅಕ್ಷರ ತೀಡಿದ ಸ್ಲೇಟು,
ಅದನ್ನು ಸೀಳಲು ದಿನಾ ಮೇಲೆ ಹೋಗಿ ಬರುತ್ತಿದ್ದವರ ಬೋಗಿ ಇದು.
ಎರಡಡಿ ಹಳಿ. ಲೆಕ್ಕದಲ್ಲಿ ಎಂಟು ಮಿಲಿಮೀಟರ್ ಆಗಬೇಕು;
ಅಂಗಡಿಯಲ್ಲಿ ಸಿಗುವ ಗಾಲಿ ಒಂಬತ್ತಕ್ಕೆ.
ಒಂಬತ್ತರಲ್ಲೇ ಓಡಿಸುತ್ತೇವೆ, ಯಾರೂ ಮಾತಾಡುವುದಿಲ್ಲ.

ವಿಗನ್ನಿನ ಗ್ಯಾರೇಜಿನಲ್ಲಿ ಈ ಎರಕ ಹೊಯ್ಯುವವನು ಡೆನ್ಜಿಲ್.
ಫೋನು ಮಾಡಿ ತರಾಟೆಗೆ ತೆಗೆದುಕೊಂಡೆ.
"ತಪ್ಪಲ್ಲ ಮೇಡಂ," ಅಂದ, "ಎಲ್ಲ ಪೊಟ್ಟಣವೂ ಹಾಗೇ.
ಆ ಬೋಗಿಯದು ಇರುವುದೇ ನಾಲ್ಕು ಫೋಟೋ,
ನಾಲ್ಕೂ ಊರಿನ ಕಡೆಯಿಂದ ತೆಗೆದವು.
ಆಚೆ ಬರೀ ಬಂಡೆ. ಅಲ್ಲಿ ಕ್ಯಾಮೆರಾ ಹಿಡಿದು
ನಿಲ್ಲುವಷ್ಟು ಜಾಗ ಯಾರಿಗಿತ್ತು?"

ಹೀಗಾಗಿ ಇಡ್ವಾಲನ ಬಳಿ ಹೋದೆ. ತೊಂಬತ್ತಮೂರು.
ಅವನ ಕೆಳಗಿನ ಸೆಟ್ಟು ನನ್ನದೇ ಕೆಲಸ,
ಈಗ ಅದನ್ನು ಲೋಟದಲ್ಲೇ ಬಿಟ್ಟಿರುತ್ತಾನೆ.
ಹಲ್ಲಿದ್ದಾಗ ಕಡಲೆ ಇಲ್ಲ; ಇವನಿಗೆ ಎರಡೂ ಬೇಡ.
"ಬಲಗಡೆಯೇ?" ಅಂದ. "ಬಾಗಿಲೇ ಇರಲಿಲ್ಲ ಕಣೇ.
ಬಂಡೆ ಒಂದು ಗೇಣು ದೂರ, ಬಾಗಿಲು ತೆರೆದು ಎಲ್ಲಿಗೆ ಇಳೀತಿ?
ಹಲಗೆ, ಅಷ್ಟೆ. ಮೇಲೊಂದು ಸೀಳು."
ಎರಡು ಬೆರಳು ಜೋಡಿಸಿ ತೋರಿಸಿದ, ಅವು ನಡುಗುತ್ತಿದ್ದವು.
"ಚಳಿಗಾಲದಲ್ಲಿ ಹೋಗುವಾಗಲೂ ಕತ್ತಲೆ, ಬರುವಾಗಲೂ ಕತ್ತಲೆ.
ಸೀಳಿನಲ್ಲಿ ಬೆರಳು ಹೊರಗಿಟ್ಟರೆ
ಬಂಡೆ ಜಿನುಗುವ ಕಡೆ ನೀರು ತಾಗೋದು.
ಒಂದು. ಎರಡು. ಮೂರನೆಯದು ತಾಗಿದರೆ
ಎದ್ದು ಟೋಪಿ ಹಾಕಿಕೊಳ್ಳೋದು, ಊರು ಬಂತು ಅಂತ."

ಮುಂದಿನ ವಾರ ಮತ್ತೆ ಕೇಳಿದೆ.
ಬಾಗಿಲಿತ್ತು ಅಂದ. ಎರಡಿತ್ತು, ಹಸಿರು ಬಣ್ಣ ಅಂದ.
ನನ್ನನ್ನು ತಂಗಿಯ ಹೆಸರಿನಿಂದ ಕರೆದ.

ನಾನು ಮೊದಲ ಉತ್ತರವನ್ನೇ ಕಟ್ಟಿದೆ.
ಪ್ಲಾಸ್ಟಿಕ್ ಹಾಳೆ ಕೊಯ್ದು, ಹಲ್ಲು ಕೆರೆಯುವ ಕೊಕ್ಕೆಯಿಂದ
ಹಲಗೆಯ ಗೆರೆ ಎಳೆದೆ, ಹದಿನಾಲ್ಕು.
ಎರಡು ಬೆರಳಿನ ಸೀಳೆಂದರೆ ಅರ್ಧ ಮಿಲಿಮೀಟರ್;
ಮೂರು ಬ್ಲೇಡು ಮುರಿಯಿತು, ಒಂದು ಬೈಗುಳ ಬಾಯಿಗೆ ಬಂತು.
ಆಮೇಲೆ ಗುಲಾಬಿ ಸಿಲಿಕೋನಿನಲ್ಲಿ ಅಚ್ಚು ತೆಗೆದು
ಡೆನ್ಜಿಲನಿಗೆ ಕಳಿಸಿದೆ. ಜೊತೆಗೊಂದು ಚೀಟಿ:
ಇದಕ್ಕೆ ಸಾಕ್ಷಿ ಒಬ್ಬನೇ, ಅವನೂ ಮಾತು ಬದಲಿಸಿದ್ದಾನೆ.

ಈಗ ಬೋಗಿ ಓಡುತ್ತದೆ. ಬಂದವರು
ಬಾಗಿಲು, ಚಿಲಕ, ಬ್ರೇಕು ನೋಡಿ ಹೊಗಳುತ್ತಾರೆ.
ಬಲಗಡೆ ಇರುವುದು ಬಂಡೆಯ ಕಡೆಗೆ;
ಒಂದು ಗೇಣೆಂದರೆ ನನ್ನಲ್ಲಿ ಮೂರು ಮಿಲಿಮೀಟರ್,
ಕಣ್ಣೂ ಹೋಗದು, ಬೆರಳೂ ಹೋಗದು.
ಸಣ್ಣ ಕುಂಚ ಮಾತ್ರ ಹೋಗುತ್ತದೆ.
ನಿನ್ನೆ ರಾತ್ರಿ ಬಂಡೆಗೆ ಮೂರು ಕಡೆ
ಹೊಳೆಯುವ ವಾರ್ನಿಷ್ ತಾಗಿಸಿದೆ.
ಮೂರನೆಯದು ಇನ್ನೂ ಆರಿಲ್ಲ.